ಎಡಕ್ಕೆ ವಾಲುವ ಹೊಲಿಗೆ

ಅಜ್ಜಂಪುರದಲ್ಲಿ ಸಮುದ್ರದ ವಾಸನೆ ಬರಲು ಕಾರಣವಿಲ್ಲ. ಆದರೂ ಇವತ್ತು ಬೆಳಿಗ್ಗೆ, ತರೀಕೆರೆಯಿಂದ ಶಮೀಮಕ್ಕ ತಂದುಕೊಟ್ಟ ಪೊಟ್ಟಣದ ಬಾಯಿ ಕತ್ತರಿಸಿದಾಗ ಉಪ್ಪಿನಂಥ, ಹಸಿ ಹಸಿಯಾದ ವಾಸನೆಯೊಂದು ಎದ್ದು ಬಂತು. ಒಳಗಿರುವುದು ಕೌದಿ ಎಂದು ನನಗೆ ಗೊತ್ತು. ಬಿಡಿಸಿ ನೋಡಲು ಧೈರ್ಯ ಬರದೆ ಕತ್ತರಿ ಕೆಳಗಿಟ್ಟು ಕೂತಿದ್ದೇನೆ. ಧೈರ್ಯ ಬರುವತನಕ ನಿಮಗೆ ಜೈನಬ್ಬಿಯ ವಿಷಯ ಹೇಳುತ್ತೇನೆ.

ಜೈನಬ್ಬಿ, ತರೀಕೆರೆಗೆ ಮದುವೆಯಾಗಿ ಹೋದ ಶಮೀಮಕ್ಕನ ತಾಯಿ, ನಮ್ಮ ಹಿತ್ತಲ ಗೋಡೆಯಾಚೆಯ ಮನೆಯವರು. ಮನೆಯೊಳಗೆ ದಖನಿ ಉರ್ದು, ಗೋಡೆಯ ಈಚೆಗೆ ಕನ್ನಡ. ಅವರ ತಂಗಿ ಹಮೀದಾ ಐವತ್ತು ವರ್ಷದ ಹಿಂದೆ ಮದುವೆಯಾಗಿ ಕರಾಚಿಗೆ ಹೋದವರು. ತಾಯಿ ತೀರಿಕೊಂಡಾಗ ಆಕೆಯ ಹಳೆಯ ಸೀರೆಗಳನ್ನು ಹಂಚಿಕೊಳ್ಳಲು ಇಬ್ಬರಿಗೂ ಮನಸ್ಸಾಗಲಿಲ್ಲವಂತೆ. ಎಲ್ಲವನ್ನೂ ಸೇರಿಸಿ ಒಂದೇ ಕೌದಿ ಹಾಕಲು ಶುರುಮಾಡಿದರು. ಒಂದಷ್ಟು ಕಾಲ ಇಲ್ಲಿ, ಒಂದಷ್ಟು ಕಾಲ ಅಲ್ಲಿ. ಬಂದು ಹೋಗುವವರ ಪೆಟ್ಟಿಗೆಯಲ್ಲಿ, ಆಮೇಲೆ ಷಾರ್ಜಾದಲ್ಲಿದ್ದ ಶಮೀಮಕ್ಕನ ಗಂಡನ ಕೈಯಲ್ಲಿ ಅದು ಓಡಾಡುತ್ತಿತ್ತು. ದಾರದ ತುದಿಗೆ ಗಂಟು ಹಾಕುವಂತಿಲ್ಲ. ಇವರು ಬಿಟ್ಟ ದಾರದಿಂದಲೇ ಅವರು ಶುರು ಮಾಡಬೇಕು. ಪ್ರತಿ ಸರದಿಗೂ ತಾವು ತೊಟ್ಟ ಬಟ್ಟೆಯದೊಂದು ತುಂಡು ಇಡಬೇಕು. ಹೊಲಿಗೆ ಅಂಚಿನಿಂದ ಸುತ್ತು ಸುತ್ತಾಗಿ ನಡುವಿನ ಕಡೆಗೆ ಹೋಗುತ್ತದೆ. ನಡು ಸಿಕ್ಕರೆ ಕೌದಿ ಮುಗಿಯಿತು. ಅದಕ್ಕೇ ಏನೋ, ವರ್ಷ ಹೋದಂತೆ ಸಾಲುಗಳು ಇರುವೆ ಸಾಲಿಗಿಂತ ಒತ್ತೊತ್ತಾಗುತ್ತಾ ಹೋದವು.

ಆ ದಿನಗಳಲ್ಲಿ ನಾನು ಎಂ.ಎ. ಮಾಡುತ್ತಿದ್ದೆ. ನೆರೆರಾಷ್ಟ್ರಗಳ ಶಾಂತಿಯಲ್ಲಿ ನಾಗರಿಕರ ಪಾತ್ರ ಎಂಬುದು ನನ್ನ ಪ್ರಬಂಧದ ವಿಷಯ. ರಜೆಗೆ ಬಂದಾಗ ಹಿತ್ತಲಲ್ಲಿ ಕೂತು ಬರೆದೆ. ಒಳ್ಳೆಯ ಅಂಕವೂ ಬಂತು. ನಾಗರಿಕ ಎಂಬ ಪದ ಪುಟಪುಟಕ್ಕೂ ಇತ್ತು, ನಾಗರಿಕರು ಒಬ್ಬರೂ ಇರಲಿಲ್ಲ. ಗೋಡೆಯಾಚೆ ಸೂಜಿ ಬಟ್ಟೆಯೊಳಗೆ ಹೋಗಿ ಬರುವ ಸದ್ದು ಮಾತ್ರ ಕೇಳುತ್ತಲೇ ಇತ್ತು.

ಹಮೀದಾ ತೀರಿಕೊಂಡರೆಂದು ಕರಾಚಿಯಿಂದ ಫೋನ್ ಬಂತು. ಮೂರು ತಿಂಗಳಾದ ಮೇಲೆ ಕೌದಿಯೂ ಬಂತು. ಜೈನಬ್ಬಿ ನನ್ನನ್ನು ಕರೆದು, ಕಿಟಕಿಯ ಬೆಳಕಿಗೆ ಅದನ್ನು ಹಿಡಿದು, ತಮ್ಮ ಕಣ್ಣು ಮಂಜಾಗಿದೆ, ಕೊನೆಯ ಸಾಲು ಎತ್ತ ವಾಲಿದೆ ನೋಡು ಎಂದರು. ಎಡಕ್ಕೆ ವಾಲಿತ್ತು. ಹಮೀದಾ ಎಡಚರು, ಅವರ ಪ್ರತಿ ಹೊಲಿಗೆಯೂ ಎಡಕ್ಕೆ ವಾಲುತ್ತಿತ್ತು. ಆ ಸಾಲು ಹಿಡಿದಿದ್ದ ತುಂಡು, ಸತ್ತಾಗ ಅವರ ಮೈಮೇಲಿದ್ದ ದುಪಟ್ಟಾದ್ದು ಎಂದು ಶಮೀಮಕ್ಕನ ಗಂಡ ಹೇಳಿ ಕಳಿಸಿದ್ದರು. ಅಂದರೆ ಅವರು ಸತ್ತ ಮೇಲೆ ಬಿದ್ದ ಹೊಲಿಗೆ ಅದು.

ಫೋನ್ ಮಾಡಿ ಕೇಳಲೇ ಎಂದೆ.

"ಬ್ಯಾಡ ಮಗಾ," ಎಂದರು ಜೈನಬ್ಬಿ. "ಸತ್ತೋಳೇ ಬಂದು ಹೊಲೀತವ್ಳೋ, ಇರೋರು ಅವ್ಳಂಗೆ ಹೊಲೀತವ್ರೋ. ನಂಗೆ ಯಾವ್ದಾದ್ರೂ ಸರಿ. ಕೇಳಿದ್ರೆ ನಿಲ್ಸ್ಬಿಡ್ತಾರೆ ಕಣೇ."

ಆಮೇಲೆ ಎರಡು ವರ್ಷ, ಎಡಗೈ ಸಾಲು ಬರುತ್ತಲೇ ಇತ್ತು. ಜೈನಬ್ಬಿ ಅದರ ಮೇಲೆ ಬೆರಳಾಡಿಸಿ ದಖನಿಯಲ್ಲಿ ಏನೋ ಬೈಯುತ್ತಿದ್ದರು, ಎದುರಿಗೆ ಕೂತ ತಂಗಿಯನ್ನು ಬೈಯುವಂತೆ.

ಹೋದ ವರ್ಷ ಜೈನಬ್ಬಿಯೂ ಹೋದರು. ಕೌದಿ ಆಗ ಇಲ್ಲಿತ್ತು. ಶಮೀಮಕ್ಕನಿಗೆ ಸೂಜಿಗೆ ದಾರ ಪೋಣಿಸಲೂ ಬಾರದು. ನನ್ನ ಮಡಿಲಿಗೆ ಹಾಕಿ ಹೋದರು. ಹೋಗುವಾಗ, "ಅಲ್ಲಿಂದ ಕೇಳ್ತಾವ್ರೆ, ಅಮ್ಮ ಹೆಂಗವ್ರೆ ಅಂತ. ಹೇಳಕ್ಕೆ ಬಾಯಿ ಬರ್ಲಿಲ್ಲ" ಎಂದರು. ಟಿ.ವಿ.ಯಲ್ಲಿ ಆಗ ಬೆಳಗಿನಿಂದ ಸಂಜೆಯವರೆಗೆ ಯುದ್ಧದ ಮಾತು. ನಾನು ಸರ್ಕಾರಿ ಕೆಲಸದ ಪರೀಕ್ಷೆ ಬರೆದಿದ್ದೆ. ನಾಳೆ ಪೊಲೀಸರು ಪರಿಶೀಲನೆಗೆ ಬಂದು, ಕರಾಚಿಗೆ ಏನಮ್ಮಾ ಕಳಿಸ್ತೀರಿ ಎಂದರೆ? ಕೌದಿಯನ್ನು ಟ್ರಂಕಿನ ತಳಕ್ಕೆ ಸೇರಿಸಿದೆ. ಶಾಂತಿಯ ಬಗ್ಗೆ ಪ್ರಬಂಧ ಬರೆದವಳು ಇಷ್ಟು ಮಾಡಿದೆ.

ಆದರೆ ಟ್ರಂಕಿನೊಳಗೆ ಒಂದು ದಾರ ಗಂಟಿಲ್ಲದೆ ಇದೆ ಎಂಬುದು ಮನಸ್ಸಿನಿಂದ ಹೋಗಲಿಲ್ಲ. ನಾಲ್ಕು ತಿಂಗಳಿಗೆ ಸೋತೆ. ಒಂದು ಮಧ್ಯಾಹ್ನ ಬಾಗಿಲು ಹಾಕಿಕೊಂಡು, ಜೈನಬ್ಬಿಯ ಹಾಗೆಯೇ ಸಣ್ಣ ಸಣ್ಣ ಹೊಲಿಗೆ ಹಾಕಲು ಕೂತೆ. ಅಂಗಿಗೆ ಗುಂಡಿ ಹಚ್ಚಲು ಬಾರದ ನನ್ನ ಕೈ ತಾನಾಗಿ ಓಡತೊಡಗಿತು. ಒಂದು ಗೇಣು ಹೊಲಿದ ಮೇಲೆ ನೋಡಿದರೆ ಎಲ್ಲವೂ ಅವರದೇ. ಬಾಯಲ್ಲಿ ದಖನಿಯ ಒಂದು ಬೈಗುಳ ಇತ್ತು. ಅದರ ಅರ್ಥ ನನಗೆ ಇವತ್ತಿಗೂ ತಿಳಿಯದು.

ಸೂಜಿ ಕೈಬಿಟ್ಟೆ. ಆಚೆ ಒಬ್ಬರು ಸತ್ತವರ ಹಾಗೆ ಹೊಲಿಯುತ್ತಾರೆ, ಈಚೆ ನಾನು ಸತ್ತವರ ಹಾಗೆ ಹೊಲಿಯುತ್ತೇನೆ. ಹೀಗೇ ಆದರೆ ಈ ಬಟ್ಟೆಯ ಮೇಲೆ ಬದುಕಿರುವವರು ಯಾರು? ಆ ಗೇಣನ್ನು ಬಿಚ್ಚಿ, ನನ್ನ ಹಳೆಯ ಚೂಡಿದಾರದ ತುಂಡಿಟ್ಟು, ನನ್ನದೇ ಸೊಟ್ಟ ಹೊಲಿಗೆಯಲ್ಲಿ ಒಂದು ಸಾಲು ಹಾಕಿ ಶಮೀಮಕ್ಕನ ಮೂಲಕ ಕಳಿಸಿದೆ. ಜೈನಬ್ಬಿ ಇಲ್ಲ ಎಂದು ಹೇಳಲು ನನಗೂ ಬೇರೆ ದಾರಿ ತೋಚಲಿಲ್ಲ. ಅದನ್ನು ಕಂಡು ಕರಾಚಿಯವರು ದಾರ ಕತ್ತರಿಸಿ, ಗಂಟು ಹಾಕಿ, ಮಡಿಸಿ ಹಿಂದಕ್ಕೆ ಕಳಿಸಿದ್ದರೆ? ಬೆಳಗಿನಿಂದ ನನ್ನ ಭಯ ಅದು.

ಈಗ ಬಿಡಿಸಿದೆ.

ಗಂಟಿಲ್ಲ. ನನ್ನ ಸಾಲು ನಿಂತಲ್ಲಿಂದ ಹೊಸ ಸಾಲು ಹೊರಟಿದೆ. ಎಡಕ್ಕೆ ವಾಲಿಲ್ಲ. ದೊಡ್ಡ ದೊಡ್ಡ ಹೊಲಿಗೆ, ಎರಡು ಕಡೆ ಬಿಚ್ಚಿ ಮತ್ತೆ ಹಾಕಿದ್ದು. ಕೆಳಗಿನ ತುಂಡು ನೀಲಿ, ಶಾಲೆಯ ಸಮವಸ್ತ್ರದ್ದು. ಜೇಬು ಕಿತ್ತ ಜಾಗದಲ್ಲಿ ಶಾಯಿಯ ಕಲೆ. ಹಮೀದಾರ ಮೊಮ್ಮಗಳಿರಬೇಕು. ಸತ್ತ ಅಜ್ಜಿಯ ಕೈಯನ್ನು ಎರಡು ವರ್ಷ ತನ್ನ ಕೈಗೆ ತಂದುಕೊಂಡು ಕೂತಿದ್ದವಳು ಇವಳು.

ಕೌದಿಯನ್ನು ಮುಂಬಾಗಿಲಿಗೆ ತಂದು, ರಸ್ತೆ ಬದಿಯ ಕಾಂಪೌಂಡಿನ ಮೇಲೆ ಬಿಸಿಲಿಗೆ ಹರವಿದೆ. ಎದುರು ಮನೆಯ ರತ್ನಕ್ಕ ಬಂದು ಅಂಚು ಮುಟ್ಟಿ ನೋಡಿ, "ಯಾರ್ದೇ ಈ ಕೌದಿ?" ಎಂದರು.

"ಅರ್ಧ ನಂದು ಕಣಕ್ಕ," ಎಂದೆ. "ಇನ್ನರ್ಧ ಕರಾಚಿ ಹುಡುಗೀದು."