ಅಮೋಘಸಿದ್ದಪ್ಪ ಚೀಲ ಇಳಿಸಿದ ಬಗೆ

ಗುಡಗೇರಿಯ ಕಾಳಿನ ಅಂಗಡಿಯಲ್ಲಿ ಹಮಾಲಿ ಮಾಡುವ ಅಮೋಘಸಿದ್ದಪ್ಪನಿಗೆ ಬೆನ್ನುನೋವೇನೂ ಇರಲಿಲ್ಲ. ಚೀಲಗಳೇ ಭಾರವಾಗಿದ್ದವು.

"ಗೊಬ್ಬರಾ ಸುರುವಿ ಬೆಳದ ಹೆಸರಕಾಳು. ಕಾಳಲ್ಲಲೇ, ಕಲ್ಲು!" ಎಂದು ಅವನು ಹೇಳಿದರೆ ಉಳಿದ ಹಮಾಲರು ತಲೆದೂಗುತ್ತಿದ್ದರು. ಅರವತ್ತು ದಾಟಿದ ಹಿರಿಯನ ಮಾತು ಎಂಬುದೊಂದು. ಅವರವರ ಬೆನ್ನುಗಳೂ ಅದನ್ನೇ ಹೇಳತೊಡಗಿದ್ದವು ಎಂಬುದು ಇನ್ನೊಂದು. ಹೊಸ ಹುಡುಗರಾರೂ ಈ ಕೆಲಸಕ್ಕೆ ಬರುತ್ತಿರಲಿಲ್ಲ. ಹಳಬರೇ ಚೀಲದ ಜೊತೆ ಮುದುಕರಾಗುತ್ತಿದ್ದರು.

ಹುಬ್ಬಳ್ಳಿಯ ಡಾಕ್ಟರು ಎಕ್ಸರೇ ನೋಡಿ, ಬೆನ್ನೆಲುಬು ಸವೆದು ನರ ಒತ್ತುತ್ತಿದೆ, ಇನ್ನು ಭಾರ ಹೊತ್ತರೆ ಕಾಲೇ ಬಿದ್ದುಹೋದೀತು ಎಂದರು. ಅಮೋಘಸಿದ್ದಪ್ಪ ಅದನ್ನು ಬೀಗರ ಊರಿನ ಸುದ್ದಿಯಂತೆ ಕೇಳಿ ಎದ್ದು ಬಂದ. ಡಾಕ್ಟರು ಕೊಡಿಸಿದ ಸೊಂಟದ ಪಟ್ಟಿಯನ್ನು ಹೆಂಡತಿ ರೇಣುಕವ್ವ ಇವತ್ತು ಕಟ್ಟಿಯಾನು, ನಾಳೆ ಕಟ್ಟಿಯಾನು ಎಂದು ಕಾದಳು. ಕೊನೆಗೆ ಕಟ್ಟಿಗೆ ಹೊರೆ ಬಿಗಿಯಲು ತೆಗೆದುಕೊಂಡಳು.

ಸುದ್ದಿ ಅಂಗಡಿಯ ಪ್ರಭು ಸಾವಕಾರನ ಕಿವಿಗೂ ಬಿತ್ತು.

"ಕಾಕಾ, ನಾಳಿಂದ ಹೊರೂದು ಬ್ಯಾಡ. ರಾಮವ್ವನ ಬಾಜು ಕುಂತು ಚೀಲದ ಬಾಯಿ ಹೊಲಿ."

"ಹೆಣ್ಮಕ್ಕಳ ಸಾಲಿನ್ಯಾಗ ಕುಂದರಸ್ತೀರಿ? ಹಂಗ ಬಳೀನೂ ಇಡಸರಿ!"

"ಇಡಸ್ಕೋ ಅಣ್ಣಾ, ನಿನ್ನ ಕೈಗೆ ಅಗದಿ ಛಂದ ಕಾಣ್ತಾವು" ಎಂದಳು ರಾಮವ್ವ, ಹೊಲಿಗೆಯಿಂದ ತಲೆ ಎತ್ತದೆ. ತಲೆ ಎತ್ತುವುದು ಅವಳಿಗೂ ಸುಲಭವಿರಲಿಲ್ಲ. ವರ್ಷಾನುಗಟ್ಟಲೆ ಬಗ್ಗಿ ಹೊಲಿದು ಕುತ್ತಿಗೆ ಹಾಗೇ ನಿಂತುಬಿಟ್ಟಿತ್ತು. ಮೋಡ ನೋಡಬೇಕಾದರೆ ಸೊಂಟಕ್ಕೆ ಕೈಕೊಟ್ಟು ಇಡೀ ಮೈಯನ್ನೇ ಹಿಂದಕ್ಕೆ ವಾಲಿಸುತ್ತಿದ್ದಳು. ಅಮೋಘಸಿದ್ದಪ್ಪ ಇದನ್ನೆಂದೂ ಗಮನಿಸಿರಲಿಲ್ಲ. ಕೂತು ಮಾಡುವ ಕೆಲಸದಲ್ಲಿ ನೋವೆಲ್ಲಿಯದು!

ಮರುದಿನ ಹೆಸರುಕಾಳು ಒಯ್ಯಲು ಲಾರಿ ಬಂತು. ಅಮೋಘಸಿದ್ದಪ್ಪ ಎಲ್ಲರಿಗಿಂತ ಮೊದಲು ಬೆನ್ನು ಬಗ್ಗಿಸಿ ನಿಂತ. ಚೀಲ ಹೊರಿಸುವ ಶಾಕೀರ್ ಹಿಂದೆಮುಂದೆ ನೋಡಿದ.

"ಕಾಕಾ, ಬ್ಯಾಡ."

"ಹೊರಸಲೇ! ನಿನಗ ಚೀಲಾ ಹಿಡ್ಯಾಕ ಕಲಿಸಿದಾವ ನಾನು."

ಲಾರಿಗೆ ಆನಿಸಿದ ಹಲಗೆಯ ಮೇಲೆ ಅರ್ಧ ಏರಿದ್ದ. ಬಲಗಾಲು ಜೋಮು ಹಿಡಿಯಿತು. ಕಾಲು ಇದೆಯೋ ಇಲ್ಲವೋ ಗೊತ್ತಾಗಲಿಲ್ಲ. ಮುಂದಿಲ್ಲ, ಹಿಂದಿಲ್ಲ. ಚೀಲ ಒಗೆಯಬಹುದಿತ್ತು. ಆದರೆ ಕಾಳು ಅಂದರೆ ಲಕ್ಷ್ಮಿ, ಲಕ್ಷ್ಮಿಯನ್ನು ನೆಲಕ್ಕೆ ಒಗೆದವನು ಹಮಾಲನೇ ಅಲ್ಲ ಎಂದು ಎಲ್ಲರಿಗೂ ಉಪದೇಶಿಸಿದವನು ಅವನೇ. ಈಗ ಆ ಉಪದೇಶವೂ ಚೀಲದ ಮೇಲೆ ಹತ್ತಿ ಕೂತಿತ್ತು. ಚೀಲ ಒಂದು ಕಡೆಗೆ ವಾಲತೊಡಗಿತು. ಶಾಕೀರ್ ಓಡಿ ಬಂದ. ಆದರೆ ಇಕ್ಕಟ್ಟಾದ ಹಲಗೆಗೆ ಇನ್ನೊಬ್ಬ ಕಾಲಿಟ್ಟರೆ ಇಬ್ಬರೂ ಕೆಳಗೆ.

ರಾಮವ್ವ ಎದ್ದು ಬಂದಳು. ಹಲಗೆಯ ಪಕ್ಕದಲ್ಲಿ ನಿಂತು, ಮೈಯನ್ನೆಲ್ಲ ಹಿಂದಕ್ಕೆ ವಾಲಿಸಿ, ಕೈ ಮೇಲೆತ್ತಿ, ಸುತಳಿ ಕೊಯ್ಯುವ ಚಾಕುವಿನಿಂದ ಚೀಲದ ಮೂಲೆಯನ್ನು ಸೀಳಿದಳು. ಹಸಿರು ಕಾಳು ಅವಳ ತಲೆಯ ಮೇಲೆ, ಹೆಗಲ ಮೇಲೆ ಧೋ ಎಂದು ಸುರಿಯಿತು. ಅಮೋಘಸಿದ್ದಪ್ಪನ ಬೆನ್ನು ಇಷ್ಟಿಷ್ಟೇ ಹಗುರಾಯಿತು. ಕೊನೆಗೆ ಖಾಲಿ ಗೋಣಿ ಹೊದ್ದು, ಮಳೆಯಲ್ಲಿ ನೆನೆದ ಕುರಿಯಂತೆ ಹಲಗೆ ಹಿಡಿದು ಕೂತ. ಶಾಕೀರ್ ಅವನನ್ನು ಮೆಲ್ಲಗೆ ಇಳಿಸಿಕೊಂಡ.

"ಅಯ್ಯ ನನ್ನ ಮಾಲು!" ಎಂದು ಸಾವಕಾರ ಗದ್ದಿಗೆ ಬಿಟ್ಟು ಓಡಿಬಂದ.

"ಬಳಕೊಂಡ್ರ ಬರ್ತದ್ರಿ" ಎಂದಳು ರಾಮವ್ವ, ಸೆರಗಿನ ಕಾಳು ಝಾಡಿಸುತ್ತ. "ಈ ಅಣ್ಣ ಬಿದ್ದಿದ್ರ ಎದರಾಗ ಬಳೀತಿದ್ರಿ?"

ಸಾವಕಾರ ಪೊರಕೆ ಹುಡುಕಲು ಹೋದ.

ಕಾಲಿಗೆ ಜೀವ ಬರುವವರೆಗೂ ಅಮೋಘಸಿದ್ದಪ್ಪ ತೊಡೆ ತಿಕ್ಕುತ್ತ ಕೂತ. ರಾಮವ್ವ ಹರಿದ ಗೋಣಿಯನ್ನೂ ದಬ್ಬಣವನ್ನೂ ಅವನ ಮುಂದೆ ತಂದಿಟ್ಟಳು.

"ನಿನ್ನ ಸಲುವಾಗಿ ಹರದೈತಿ. ನೀನ ಹೊಲಿ."

ಅವನು ಬೀದಿಗೆ ಬೆನ್ನು ಮಾಡಿ ಕೂತು ಹೊಲಿದ. ರಾಮವ್ವ ನೋಡಿದಳು.

"ಇದೇನ ಹೊಲಗಿನೋ ಅಣ್ಣಾ, ಏಡಿ ನಡದ ಹಾದಿಯೋ?"

"ದಬ್ಬಣಾ ಸರಿ ಇಲ್ಲ ಬೇ" ಎಂದ ಅಮೋಘಸಿದ್ದಪ್ಪ. "ಈಗಿನ ದಬ್ಬಣ ಭಾಳ ಭಾರ."

ರಾಮವ್ವ ಹೊಲಿಗೆಯನ್ನೆಲ್ಲ ಬಿಚ್ಚಿ ಮತ್ತೆ ಅವನ ಕೈಗಿತ್ತಳು. ಅವನು ಬಗ್ಗಿದ. ಸ್ವಲ್ಪ ಹೊತ್ತಿಗೆ ಕುತ್ತಿಗೆ ಹಿಡಿಯಿತು. ಪಕ್ಕಕ್ಕೆ ತಿರುಗಿ ರಾಮವ್ವನ ಕುತ್ತಿಗೆಯನ್ನು ನೋಡಿದ. ಎದ್ದು ಹೋಗಿ, ಸಾವಕಾರನನ್ನು ಕೇಳದೆ, ಎರಡು ಖಾಲಿ ಎಣ್ಣೆ ಡಬ್ಬಿ ತಂದ. ಒಂದರ ಮೇಲೆ ತಾನು ಕೂತು ಗೋಣಿಯನ್ನು ತೊಡೆಯ ಮೇಲೆ ಎಳೆದುಕೊಂಡ; ಕುತ್ತಿಗೆ ಅಷ್ಟು ಬಗ್ಗಬೇಕಾಗಲಿಲ್ಲ. ಇನ್ನೊಂದನ್ನು ಅವಳತ್ತ ದೂಡಿದ.

"ಎತ್ತರಕ್ಕ ಕುಂದರು, ಬೇ."