ಹಾರ್ನ್ ಇಲ್ಲದ ತಿರುವು

ಚಾಲಕಿಯ ಎರಡೂ ಕೈ ತೊಡೆಯ ಮೇಲಿದ್ದವು. ಸ್ಟೀರಿಂಗ್ ತಾನೇ ತಿರುಗಿತು, ತಾನೇ ನೆಟ್ಟಗಾಯಿತು. ಜರ್ಮನಿಗೆ ಬಂದಿಳಿದ ಮೊದಲ ವಾರ ನನಗೆ ತೋರಿಸಿದ ಪ್ರಾತ್ಯಕ್ಷಿಕೆ ಇದು. ವಿಜ್ಞಾನಕ್ಕೆ ಅದು ಮಹತ್ತರ ಗಳಿಗೆಯಾಗಿದ್ದಿರಬಹುದು. ಚಿಕ್ಕಮಗಳೂರಿನ ಕಾಲೇಜಿನಲ್ಲಿ ಗಣಿತ ಪಾಠ ಹೇಳಿಕೊಂಡಿದ್ದು, ಐವತ್ತರ ಅಂಚಿನಲ್ಲಿ ಸಂಶೋಧನೆಗೆಂದು ಹೊರಟುಬಂದ ನಾನು ಮಾತ್ರ ಹಿಂದಿನ ಸೀಟಿನಲ್ಲಿ ಊರ ದೇವರು ಕಳಸೇಶ್ವರನನ್ನು ಸ್ಮರಿಸುತ್ತಿದ್ದೆ.

ನನ್ನ ಕೆಲಸ ಆ ಗಾಡಿಯನ್ನು ಕಂಪ್ಯೂಟರಿನೊಳಗೆ ಓಡಿಸುವುದು. ರಸ್ತೆ, ತಿರುವು, ಎದುರಿನ ಲಾರಿ ಎಲ್ಲವೂ ಲೆಕ್ಕದಲ್ಲೇ. ಅಲ್ಲಿ ಎಷ್ಟು ಸಲ ಗುದ್ದಿದರೂ ಯಾರ ಮನೆಯಲ್ಲೂ ಸೂತಕವಿಲ್ಲ. ಅಲ್ಲಿ ಗುದ್ದದೆ ಪಾರಾದರೆ ನಿಜವಾದ ಗುಡ್ಡದ ದಾರಿ. ಆ ದಿನ ಒಳಗೆ ಕೂರಬೇಕಾದವಳು ಅದೇ ಚಾಲಕಿ, ನನ್ನ ಸಹೋದ್ಯೋಗಿ ಯೂಟಾ.

ಮನೆ ಮಾಲಕಿ ನಮಗೆ ಕಲಿಸಿದ ಮೊದಲ ಪದ 'ರೂಹೆ', ಅಂದರೆ ನಿಶ್ಶಬ್ದ. ಭಾನುವಾರ ಚಟ್ನಿ ರುಬ್ಬಿದರೆ ಕೆಳಗಿನ ಮನೆಯವರು ಚಾವಣಿ ಕುಟ್ಟುತ್ತಾರೆ. ರಸ್ತೆಯಲ್ಲೂ ರೂಹೆಯೇ. ನಮ್ಮ ಘಾಟಿಯಲ್ಲಿ ಹಾರ್ನ್ ಎಂದರೆ 'ಬಂದೆ, ಸ್ವಲ್ಪ ಸರಿ ಮಾರಾಯ' ಎಂಬ ಉಭಯಕುಶಲೋಪರಿ. ಇಲ್ಲಿ ಅದು ಬೈಗುಳ.

"ಇಷ್ಟು ಗಾಡಿ ಹೋಗ್ತಾವೆ, ಒಂದಾದ್ರೂ ಕೆಮ್ಮತ್ತಾ ನೋಡಿ. ಹೆದ್ರಿಕೆ ಆಗತ್ತೆ ಕಣ್ರೀ," ಎಂದು ನನ್ನ ಹೆಂಡತಿ ಶಾರದೆ ಕಿಟಕಿಯಲ್ಲಿ ನಿಂತು ಹೇಳುತ್ತಿದ್ದಳು. ನಾನು ವಿದ್ವಾಂಸನಂತೆ ನಕ್ಕುಬಿಡುತ್ತಿದ್ದೆ.

ಕಂಪ್ಯೂಟರಿನೊಳಗೆ ಗುಡ್ಡದ ದಾರಿ ರಚಿಸಬೇಕಾಗಿ ಬಂದಾಗ ನಮ್ಮ ಕಡೆಯ ಆಲ್ದೂರಿನಿಂದ ಬಾಳೆಹೊನ್ನೂರಿನವರೆಗಿನ ತಿರುವುಗಳನ್ನು ನೆನಪಿನಿಂದಲೇ ತೆಗೆದು ಕೂರಿಸಿದೆ. ಗಾಡಿ ಒಂದನ್ನೂ ತಪ್ಪದೆ ಪಾರಾಯಿತು. ನಿಜವಾದ ಸವಾರಿಗೆ ದಿನ ನಿಗದಿಯಾಯಿತು. ಅದರ ಹಿಂದಿನ ದಿನ ಯೂಟಾ ಬಂದು ಪರದೆ ನೋಡುತ್ತ ಕುಳಿತಳು.

"ಈ ಲಾರಿ ತಿರುವಿಗೆ ಮೊದಲೇ ಯಾಕೆ ನಿಂತಿತು?"

"ನಮ್ಮ ಹಾರ್ನ್ ಕೇಳಿಸಿತಲ್ಲ."

"ನಾವು ಹಾರ್ನ್ ಯಾಕೆ ಮಾಡಿದೆವು?"

"ತಿರುವಲ್ಲವೇ?"

ಅವಳು ನನ್ನ ಮುಖವನ್ನೇ ನೋಡಿದಳು. ಆಗಲೇ ನನಗೆ ಹೊಳೆದದ್ದು. ತಿರುವುಗಳ ಜೊತೆಗೆ ನಮ್ಮೂರಿನ ರೂಢಿಯನ್ನೂ ಹೊತ್ತು ತಂದು ಲೆಕ್ಕದೊಳಗೆ ಇಟ್ಟುಬಿಟ್ಟಿದ್ದೆ. ಹಾರ್ನ್ ತೆಗೆದು ಓಡಿಸಿದೆವು. ಮೊದಲ ತಿರುವಿನಲ್ಲೇ ಗುದ್ದಿತು. ಮತ್ತೆ ಓಡಿಸಿದೆವು, ಮತ್ತೆ ಗುದ್ದಿತು. ಸದ್ದಿಲ್ಲ, ಗಾಜಿಲ್ಲ. ಪರದೆಯ ಮೇಲೆ ಎರಡು ಚೌಕ ಒಂದಾದವು, ಅಷ್ಟೆ. ಅದರಲ್ಲೊಂದು ಚೌಕದೊಳಗೆ ನಾಳೆ ಯೂಟಾ ಇರುತ್ತಿದ್ದಳು.

ಸವಾರಿ ಮುಂದಕ್ಕೆ ಹೋಯಿತು. ಕಣ್ಣಿಗೆ ಕಾಣುವಷ್ಟು ದೂರದೊಳಗೆ ನಿಲ್ಲಬಲ್ಲ ವೇಗವನ್ನಷ್ಟೇ ಗಾಡಿಗೆ ಕಲಿಸಿದೆವು. ಚಳಿಗಾಲ ಕಳೆದ ಮೇಲೆ ಯೂಟಾ ಒಂದು ಷರತ್ತು ಹಾಕಿದಳು: ಪಕ್ಕದ ಸೀಟಿನಲ್ಲಿ ನಾನು.

"ಕಳಸದ ಜೀಪಿನ ಹಿಂದೆ ನೇತಾಡ್ಕಂಡು ಹೋದೋರು, ಬೆಲ್ಟ್ ಕಟ್ಕಂಡು ಕೂರಕ್ಕೆ ಹೆದರ್ತೀರಲ್ಲ!" ಎಂದು ಶಾರದೆ ಹಂಗಿಸಿದಳು. ಆದರೆ ಬೆಳಿಗ್ಗೆ ನೋಡಿದರೆ ದೇವರ ಮುಂದೆ ತೆಂಗಿನಕಾಯಿ ಇತ್ತು.

ಎದುರು ಕಾಣದ ತಿರುವು ಬಂತು. ಯಾರೂ ಸ್ಟೀರಿಂಗ್ ಹಿಡಿದಿರಲಿಲ್ಲ, ಯಾರೂ ಹಾರ್ನ್ ಮಾಡಲಿಲ್ಲ. ನನ್ನ ಗಂಟಲಿನಿಂದ "ಪೋಂ!" ಎಂದು ಹೊರಟೇಬಿಟ್ಟಿತು. ತಿರುವಿನಾಚೆ ಪರೀಕ್ಷೆಗೆಂದೇ ನಿಲ್ಲಿಸಿದ್ದ ಲಾರಿ. ಗಾಡಿ ತಾನಾಗಿ ನಿಧಾನಿಸಿ ನಿಂತಿತು. ಯೂಟಾ ನಗಲಿಲ್ಲ. ಅವಳ ಬೆರಳುಗಳು ನನ್ನ ತೋಳನ್ನು ಹಿಡಿದಿದ್ದವು.

ಆ ಮೇ ತಿಂಗಳಲ್ಲಿ ರಜೆಗೆ ಊರಿಗೆ ಬಂದು ಕಳಸದ ಜೀಪು ಹತ್ತಿದೆ. ಡ್ರೈವರ್ ಹಾರ್ನ್ ಒತ್ತಿದ, ವೇಗ ತಗ್ಗಿಸದೆ ತಿರುವಿಗೆ ನುಗ್ಗಿದ. ಆಚೆಯಿಂದ ಬಸ್ಸಿನ ಉತ್ತರ ಬಂತು. ಜೀಪಿನಲ್ಲಿದ್ದವರು ನೆಮ್ಮದಿಯಾಗಿ ತೂಕಡಿಸುತ್ತಿದ್ದರು.

"ಎಂಥ ಮೇಷ್ಟ್ರೇ, ಕಾಲು ಹಂಗೆ ಒತ್ಕಂಡು ಕೂತಿದೀರಿ? ಬ್ರೇಕ್ ಇರೋದು ನನ್ ಹತ್ರ ಮಾರಾಯ್ರೆ!"

ಆ ಹಾರ್ನ್ ಕೇಳಿ ಊರು ಸೇರಿದೆನೆಂದು ಕಣ್ಣು ತುಂಬಿತ್ತು. ಕಾಲು ಮಾತ್ರ ಇಲ್ಲದ ಬ್ರೇಕಿನ ಮೇಲಿಂದ ಏಳಲಿಲ್ಲ.