ಅವ್ವ ಕೈ ತೊಳೆಯಲು ಹೋದ ಮನೆಗಳು

ಎಷ್ಟು ಎಕರೆ, ಅದರಲ್ಲಿ ಖುಷ್ಕಿ ಎಷ್ಟು, ತರಿ ಎಷ್ಟು, ಬೋರ್‌ವೆಲ್ ಇದೆಯೇ, ಸೊಸೈಟಿ ಸಾಲ ಇದೆಯೇ, ಮನೆಯಲ್ಲಿ ಎಷ್ಟು ಜನ? ಕೆ.ಆರ್. ನಗರದ ಕಡೆಯ, ಮದುವೆಯಾಗದ ಹುಡುಗಿಯೊಬ್ಬಳು ಪಿರಿಯಾಪಟ್ಟಣದ ಹಳ್ಳಿಯ ಜಗಲಿಯ ಮೇಲೆ ಕೂತು ಇಷ್ಟನ್ನೂ ಕೇಳಿದರೆ ಆ ಮನೆಯವರು ಏನೆಂದುಕೊಳ್ಳಬೇಕು? ವಾಣಿಜ್ಯಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ ಎಂದು ನಾನು ಮೊದಲೇ ಹೇಳಿದ್ದೆ. ಅವರು ಅದನ್ನು ಹುಡುಗಿಯ ಓದಿನ ವಿವರವೆಂದು ತಿಳಿದರು.

ಬೇಸಾಯ ಮಾಡುವ ಗಂಡಿಗೆ ಹೆಣ್ಣು ಸಿಗುವುದು ನಮ್ಮ ಕಡೆ ಈಗ ಎಷ್ಟು ಕಷ್ಟವೆಂಬುದು ಎಲ್ಲರಿಗೂ ಗೊತ್ತು. ಅಂಥದ್ದರಲ್ಲಿ ಹೆಣ್ಣೇ ಮನೆ ನೋಡಲು ಬಂದಿದ್ದಾಳೆ ಅಂದರೆ ಬಿಡುತ್ತಾರೆಯೇ? ಮೊದಲ ಮನೆಯಲ್ಲಿ ಜಮೀನಿನ ಲೆಕ್ಕ ಬರೆದುಕೊಳ್ಳುವಷ್ಟರಲ್ಲಿ ಕೇಸರಿಬಾತ್ ಬಂತು. ಸಾಲದ ಪ್ರಶ್ನೆಗೆ ಬರುವಷ್ಟರಲ್ಲಿ ಇಸ್ತ್ರಿ ಅಂಗಿ ತೊಟ್ಟ ಮಗ ಬಂದು ಕಂಬಕ್ಕೆ ಒರಗಿ ನಿಂತ. ನಾನೋ ದಡ್ಡಿ, ಎಂಥಾ ಒಳ್ಳೆಯ ಜನ ಎಂದುಕೊಂಡು ಎರಡನೇ ಸಲವೂ ಕೇಸರಿಬಾತ್ ಹಾಕಿಸಿಕೊಂಡೆ.

ನನ್ನ ಸಂಶೋಧನೆ ಸೌದೆಯದು. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪನ್ನು ಬ್ಯಾರನ್ ಎಂಬ ಎತ್ತರದ ಕೋಣೆಯಲ್ಲಿ ನೇತುಹಾಕಿ, ಹಗಲೂ ರಾತ್ರಿ ಬೆಂಕಿ ಕೊಟ್ಟು, ಆ ಕಾವಿನಲ್ಲೇ ಒಣಗಿಸಿ ಬೇಯಿಸುತ್ತಾರೆ. ಆ ಬೆಂಕಿಗೆ ಮರಗಳು ಹೋಗುತ್ತವೆ. ಸೌದೆಯನ್ನು ಕೊಳ್ಳುವ ಬದಲು ಸಾಲ ತೆಗೆದು ತಮ್ಮ ಬದುವಿನಲ್ಲೇ ಮರ ಬೆಳೆದುಕೊಂಡರೆ ರೈತನಿಗೂ ಕಾಡಿಗೂ ಲಾಭವಾಗುತ್ತದೆಯೇ ಎಂಬುದು ನನ್ನ ವಿಷಯ. ಅದಕ್ಕೆ ಸೌದೆ ಎಷ್ಟು ಬೇಕು, ಎಲ್ಲಿಂದ ಬರುತ್ತದೆ ಎಂಬ ನಿಜ ಗೊತ್ತಾಗಬೇಕು. ಆದರೆ ಬ್ಯಾರನ್ ಇರುವ ಮನೆ ಎಂದರೆ ಸೊಸೆಗೆ ಸೌದೆ ಹೊರುವ, ಉರಿ ಕಾಯುವ ಕೆಲಸ ತಪ್ಪಿದ್ದಲ್ಲ ಎಂದು ಹೆಣ್ಣು ಕೊಡುವವರು ಹಿಂಜರಿಯುತ್ತಾರೆ. ಹಾಗಾಗಿ ಸೌದೆಯ ಪ್ರಶ್ನೆ ಬಂದ ಕೂಡಲೇ ಯಜಮಾನರ ದನಿ ಮೆತ್ತಗಾಗುತ್ತಿತ್ತು.

“ಸೌದೆನಾ? ನಮ್ಮನೇಲಿ ಎಣ್ಮಕ್ಕಳು ಸೌದೆನೇ ಮುಟ್ಟಾಕಿಲ್ಲ ಕಣವ್ವ. ಬ್ಯಾರನ್ ಉರಿಯೆಲ್ಲಾ ಕಾಫಿ ಹೊಟ್ಟಲ್ಲೇ ಆಯ್ತದೆ.”

ಎಲ್ಲ ಮನೆಯಲ್ಲೂ ಇದೇ ಮಾತು. ನನ್ನ ಗೈಡ್ ಮೇಡಂ ಕಾಗದಗಳನ್ನು ತಿರುವಿಹಾಕಿ, “ಇದರ ಪ್ರಕಾರ ಎರಡು ತಾಲ್ಲೂಕಿನ ಹೊಗೆಸೊಪ್ಪು ಸೌದೆಯೇ ಇಲ್ಲದೆ ಬೇಯುತ್ತಿದೆಯಲ್ಲಮ್ಮ. ನಿಜವಾದ ಉತ್ತರ ತಾರದಿದ್ದರೆ ಈ ಥೀಸಿಸ್ ಇಲ್ಲಿಗೇ ನಿಲ್ಲುತ್ತದೆ” ಎಂದರು.

ಅಳುವ ಮುಖ ಹೊತ್ತು ಮನೆಗೆ ಬಂದು, ಕೇಸರಿಬಾತಿನಿಂದ ಹಿಡಿದು ಎಲ್ಲವನ್ನೂ ಅವ್ವನಿಗೆ ಹೇಳಿದೆ. ಅವ್ವ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಅವಳ ಮುಖದಲ್ಲಿ ಬೇರೆಯೇ ಕಳೆ ಬಂತು.

“ಅಂಗಾರೆ ನಾನೂ ಬತ್ತೀನಿ. ನೀನು ಬರ್ಕೊ, ನಾನು ಗಂಡು ನೋಡ್ತೀನಿ. ನಂಗೆ ಒಪ್ಪಿಗೆಯಾದ ಉಡುಗ ಸಿಕ್ಕುದ್ರೆ ನಿನ್ನ ಓದು ಅಲ್ಲಿಗೆ ಸಾಕು ಕಣವ್ವ.”

ಒಪ್ಪದೆ ಬೇರೆ ದಾರಿ ಇರಲಿಲ್ಲ. ನಮ್ಮ ನೆಂಟರಲ್ಲಿ ಯಾರ ಮನೆಯ ಹೆಣ್ಣು ಕೊಡುವುದಿದ್ದರೂ ಗಂಡಿನ ಮನೆ ನೋಡಲು ಅವ್ವನನ್ನೇ ಕರೆದುಕೊಂಡು ಹೋಗುತ್ತಾರೆ. ಅವಳು ಪಡಸಾಲೆಯಲ್ಲಿ ಕೂರುವವಳಲ್ಲ. ತಿಂಡಿ ಮುಟ್ಟುವ ಮೊದಲು “ಕೈ ತೊಳೀಬೇಕಿತ್ತು” ಅನ್ನುತ್ತಾ ಅಡುಗೆಮನೆ ದಾಟಿ ಸೀದಾ ಹಿತ್ತಿಲಿಗೆ ಹೋಗಿಬಿಡುತ್ತಾಳೆ. ಮನೆ ಅಂದರೆ ಹಿತ್ತಿಲು ಎಂಬುದು ಅವಳ ಸಿದ್ಧಾಂತ.

ಹುಣಸೂರು ಕಡೆಯ ಗುರುಪುರದ ಹತ್ತಿರದ ಒಂದು ಮನೆಯಲ್ಲಿ ಯಜಮಾನರು ನನಗೆ ಕಾಫಿ ಹೊಟ್ಟಿನ ಮಹಿಮೆ ಹೇಳುತ್ತಿದ್ದಾಗ ಅವ್ವ ಕೈ ತೊಳೆಯಲು ಹೋದಳು. ಸ್ವಲ್ಪ ಹೊತ್ತಿಗೆ ಹಿತ್ತಿಲಿನಿಂದ ನಗು ಕೇಳಿಸಿತು. ನೋಡಿದರೆ ಆಳೆತ್ತರದ ಸೌದೆ ರಾಶಿಯ ಪಕ್ಕ ಅವ್ವ, ಆ ಮನೆಯ ಯಜಮಾನಿ ಇಬ್ಬರೂ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಅವ್ವ ನಮ್ಮ ಮನೆಯ ಹುಳುಕನ್ನೆಲ್ಲ ಮೊದಲು ಬಿಚ್ಚಿಟ್ಟಿದ್ದಳು. ಅಪ್ಪ ಸೌದೆಗೆಂದು ಬದುವಿನ ಬೇವಿನ ಮರ ಕಡಿಸಿ, ಆ ಸಂಕಟಕ್ಕೆ ಎರಡು ದಿನ ಊಟ ಬಿಟ್ಟು ಕೂತದ್ದನ್ನೂ ಸೇರಿಸಿ.

“ನಮ್ಮದೂ ಅದೇ ಕತೆ ಕಣಕ್ಕ. ಓದ್ ವರ್ಸ ಮಾವಿನ ಮರನೂ ಒಲೆಗೇ ಓಯ್ತು” ಎಂದು ಆಕೆ ನಿಟ್ಟುಸಿರಿಟ್ಟಳು. ಎಷ್ಟು ಗಾಡಿ, ಯಾರ ಹತ್ತಿರ, ಯಾವ ಸಾಲದಲ್ಲಿ, ಎಲ್ಲವೂ ಬಂತು. ಅವ್ವ ನನ್ನತ್ತ ತಿರುಗಿ “ಬರ್ಕೊ” ಅಂದಳು.

ಆ ದಿನ ಬಸ್ಸಿನಲ್ಲಿ ನಾನು ಹುಚ್ಚಿಯ ಹಾಗೆ ಒಬ್ಬಳೇ ನಗುತ್ತಿದ್ದೆ. ಮಳೆಗಾಲ ಮುಗಿಯುವತನಕ ಇದೇ ನಮ್ಮ ಕೆಲಸವಾಯಿತು. ಪಡಸಾಲೆಯ ಉತ್ತರವನ್ನು ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದೆ, ಹಿತ್ತಿಲಿನ ಉತ್ತರವನ್ನು ಪೆನ್ನಿನಲ್ಲಿ. ಅವ್ವ ಸೌದೆಯ ತುಂಡು ಮೂಸಿ ನೋಡಿ ಇದು ನೀಲಗಿರಿ, ಇದು ಸಿಲ್ವರ್ ಓಕ್ ಎಂದು ವಾದಕ್ಕಿಳಿಯುತ್ತಿದ್ದಳು. ದಾರಿಯಲ್ಲಿ ಗಂಡುಗಳ ವಿಚಾರವೂ ಬರುತ್ತಿತ್ತು: ಇವನು ಕುಳ್ಳ, ಅವನ ಅಮ್ಮ ಬಾಯಿಬಡುಕಿ. ಒಬ್ಬೊಬ್ಬರೂ ತಿರಸ್ಕೃತರಾದಂತೆ ನನಗೆ ಜೀವ ಬರುತ್ತಿತ್ತು.

ಕೊನೆಗೆ ಹುಣಸೂರಿನ ಆಚೆ ಒಂದು ಮನೆ ಸಿಕ್ಕಿತು. ಹುಡುಗ ಬಿ.ಎಸ್ಸಿ. ಓದಿ ಬೇಸಾಯಕ್ಕೆ ಕೂತವನು. ಸೌದೆ ಸುಡುತ್ತೀರಾ ಎಂದು ಕೇಳಿದ್ದಕ್ಕೆ “ಸುಡ್ದೆ ಇನ್ನೇನ್ ಮಾಡಾದ್ರೀ?” ಎಂದು ನಕ್ಕುಬಿಟ್ಟ. ನಾನು ಪೆನ್ಸಿಲ್ ಕೆಳಗಿಟ್ಟು ಪೆನ್ನು ತೆಗೆದೆ. ಸಾಲ ತೆಗೆದು ಬದುವಿನಲ್ಲಿ ಬೇಗ ಬೆಳೆಯುವ ಹೆಬ್ಬೇವಿನ ಮರ ಹಾಕಿದ್ದನಂತೆ, ಈ ವರ್ಷ ಹೊರಗಿನ ಸೌದೆಯನ್ನೇ ಕೊಂಡಿಲ್ಲವಂತೆ. ಇಡೀ ಥೀಸಿಸ್ಸಿಗೆ ನಾನು ಹುಡುಕುತ್ತಿದ್ದ ಮನೆ ಅದು. ಅವ್ವ ಹುಡುಕುತ್ತಿದ್ದ ಮನೆಯೂ ಅದೇ ಎಂಬುದು ಆಗ ಹೊಳೆಯಿತು. ಜಮೀನು, ಓದು, ಸ್ವಭಾವ, ಯಾವುದರಲ್ಲೂ ಕುಂದು ತೆಗೆಯುವ ಹಾಗಿರಲಿಲ್ಲ. ಮುಗಿಯಿತು ನನ್ನ ಓದು ಎಂದುಕೊಂಡೆ.

ಅವ್ವ ಹಿತ್ತಿಲಿಗೆ ಹೋದವಳು ಬರಲೇ ಇಲ್ಲ. ಹುಡುಗನ ತಾಯಿಯ ಜೊತೆ ಹೊಲಕ್ಕೇ ಹೋಗಿ, ಹೆಬ್ಬೇವಿನ ಸಾಲನ್ನು ಈ ತುದಿಯಿಂದ ಆ ತುದಿಗೆ ನೋಡಿ, ಸೆರಗಿನ ತುಂಬ ತರಗು ಅಂಟಿಸಿಕೊಂಡು ಬಂದಳು.

ಹುಣಸೂರು ಸ್ಟ್ಯಾಂಡಿನಲ್ಲಿ ಬಸ್ಸು ಹತ್ತಿ ಕೂತ ಮೇಲೂ ಅವಳ ಬಾಯಲ್ಲಿ ಹೆಬ್ಬೇವೇ. ನೆರಳು ಬಿದ್ದ ಕಡೆ ಬೆಳೆ ಎಷ್ಟು ಕಮ್ಮಿಯಾಯಿತು ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು ಎಂದು ನನಗೆ ತಾಕೀತು ಮಾಡಿದಳು. ನನಗೆ ತಡೆಯಲಾಗಲಿಲ್ಲ.

“ಅವ್ವ, ಹುಡುಗ?”

“ಯಾವ್ ಉಡುಗ?” ಅಂದವಳು ಫಕ್ಕನೆ ಸೆರಗನ್ನು ಬಾಯಿಗೆ ಹಿಡಿದಳು. “ಅಯ್ಯೋ ಶಿವನೇ, ನಾನು ನೋಡ್ಲೇ ಇಲ್ವಲ್ಲೇ!”

ಬಸ್ಸಿನವರೆಲ್ಲ ತಿರುಗಿ ನೋಡುವ ಹಾಗೆ ಇಬ್ಬರೂ ನಕ್ಕೆವು. ಆಮೇಲೆ ಅವ್ವ ಕಣ್ಣೊರೆಸಿಕೊಂಡು, “ಓಗ್ಲಿ ಬುಡು. ಕ್ವಾಟೆ ತಾಲೂಕ್ ಕಡೆ ಬ್ಯಾರನ್ ಇನ್ನೂ ನೋಡ್ಲೇ ಇಲ್ಲ, ಯಾವತ್ತು ಓಗಾದು?” ಎಂದಳು. ಸೆರಗಿಗೆ ಅಂಟಿದ ತರಗನ್ನು ಕೀಳುತ್ತಾ ಕೇಳಿದಳು: “ನೀನಾದ್ರೂ ನೋಡ್ದೇನೆ, ಎಂಗಿದ್ದ?”

“ನಾನೆಲ್ಲಿ ನೋಡ್ಲಿ, ಬರೀತಾ ಇದ್ನಲ್ಲ” ಅಂದೆ.

ಚೆನ್ನಾಗಿದ್ದ. ನಕ್ಕರೆ ಎಡಗೆನ್ನೆಯಲ್ಲಿ ಗುಳಿ ಬೀಳುತ್ತಿತ್ತು. ಆ ಇಡೀ ಸಮೀಕ್ಷೆಯಲ್ಲಿ ಅವ್ವನಿಗೆ ಸುಳ್ಳು ಹೇಳಿ ದಕ್ಕಿಸಿಕೊಂಡವಳು ನಾನೊಬ್ಬಳೇ.